ಬೇಡ ಎನ್ನದವರ ಊರು

ಪೆಲ್ಟನ್, ಮ್ಯಾಸಚೂಸೆಟ್ಸ್
೨೦ ಫೆಬ್ರವರಿ ೨೦೧೮

ಪ್ರೀತಿಯ ಓರಿನ್ ಮಾವ,

ನೀವಿರುವ ಕೊಲ್ಲಿಯಲ್ಲಿ ಫೋನು ಹತ್ತುವುದಿಲ್ಲ, ಹತ್ತಿದರೂ ನೀವು ಎತ್ತುವುದಿಲ್ಲ ಎಂದು ಅಮ್ಮ ಹೇಳಿದಳು. "ನನ್ನ ಅಣ್ಣ ಅಲಾಸ್ಕಕ್ಕೆ ಹೋಗಿದ್ದೇ ಫೋನ್ ಎತ್ತಬಾರದು ಅಂತ" ಎಂದು ನಕ್ಕಳು ಕೂಡ. ಅದಕ್ಕೇ ಈ ಕಾಗದ.

ಕಾಲೇಜು ಮುಗಿಸಿ ಬಂದ ಮೇಲೆ ನಾನು ಇಲ್ಲಿ ಊರ ಕಚೇರಿಯಲ್ಲಿ ಗುಮಾಸ್ತೆ. ಸಾಹಿತ್ಯ ಓದಿದವಳೆಂದು ಕಾಗದಪತ್ರದ ಕೆಲಸವೆಲ್ಲ ನನ್ನ ತಲೆಗೆ ಬಂದಿದೆ. ಗಸ್ ಸ್ಕಿಬಾ ಈಗ ಊರಿನ ಆಡಳಿತ ಮಂಡಳಿಯ ಅಧ್ಯಕ್ಷರು. ಹಸು ಕರೆದ ಬೂಟಿನಲ್ಲೇ ಬಂದು, "ಲೆಟಿ, ಲಾಯರ್ ಬರೆದಿದ್ದನ್ನ ಮನುಷ್ಯರು ಓದೋ ಹಾಗೆ ಮಾಡ್ಕೊಡಮ್ಮ" ಅನ್ನುತ್ತಾರೆ.

ಸುದ್ದಿ ಇಷ್ಟು. ನಮ್ಮ ಊರು, ಸುತ್ತಲಿನ ಮೂರು ಊರು ಸೇರಿ, ಎಲ್ಲ ಮನೆಗಳ ಪರವಾಗಿ ಒಟ್ಟಿಗೆ ಕರೆಂಟು ಕೊಳ್ಳಲಿವೆ. ಒಬ್ಬೊಬ್ಬರೇ ಕೇಳಿದರೆ ಯಾವ ಕಂಪನಿಯೂ ದರ ಇಳಿಸುವುದಿಲ್ಲ, ನಾಲ್ಕೂರು ಒಂದಾಗಿ ಕೇಳಿದರೆ ಇಳಿಸುತ್ತವಂತೆ. ಕಳೆದ ವರ್ಷ ಶಾಲೆಯ ಜಿಮ್ಮಿನಲ್ಲಿ ನಡೆದ ಊರಸಭೆಯಲ್ಲೇ ಇದು ಪಾಸಾಗಿತ್ತು. ಚರ್ಚಿನ ಹೆಂಗಸರ ಬೀನ್ಸು ತಣ್ಣಗಾಗುತ್ತಿದ್ದುದರಿಂದ ಯಾರೂ ಹೆಚ್ಚು ವಾದಿಸಲಿಲ್ಲ. ಈಗ ಸರ್ಕಾರದ ಒಪ್ಪಿಗೆಯೂ ಬಂದಿದೆ. ಇನ್ನು ಪ್ರತಿ ಮನೆಗೂ ಒಂದು ಲಕೋಟೆ, ಒಳಗೊಂದು ಕಾರ್ಡು. ಬೇಡವಾದವರು ಮೂವತ್ತು ದಿನದೊಳಗೆ ಆ ಕಾರ್ಡಿಗೆ ಸಹಿ ಹಾಕಿ ಕಳಿಸಬೇಕು. ಸುಮ್ಮನಿದ್ದವರು ಒಪ್ಪಿದಂತೆ.

ನಾನು ಬರೆಯುತ್ತಿರುವುದು ಅದಕ್ಕೇ. ಕಾಬ್ ರಸ್ತೆಯ ನಿಮ್ಮ ಮನೆಯ ಮೀಟರು ಇನ್ನೂ ವೆಸ್ಟಾ ಅತ್ತೆಯ ಹೆಸರಲ್ಲಿದೆ. ಬಿಲ್ಲು ಬರುವ ನಿಮ್ಮ ವಿಳಾಸಕ್ಕೇ ಈ ಲಕೋಟೆಯೂ ಬರುತ್ತದೆ, ಆದರೆ ಮೇಲೆ ಅತ್ತೆಯ ಹೆಸರಿರುತ್ತದೆ. ಇದ್ದಕ್ಕಿದ್ದಂತೆ ಅದನ್ನು ನೋಡಿ ನಿಮಗೆ ಏನಾದರೂ ಅನ್ನಿಸೀತೆಂದು ಮೊದಲೇ ತಿಳಿಸುತ್ತಿದ್ದೇನೆ.

ಮನೆ ಚೆನ್ನಾಗಿದೆ. ಮಂಜಿನ ಭಾರಕ್ಕೆ ಸೂರು ಬಾಗಿಲ್ಲ.

ನಿಮ್ಮ ಸೊಸೆ,
ಲೆಟಿ


ಅಲಾಸ್ಕ
೧೧ ಮಾರ್ಚ್ ೨೦೧೮

ಲೆಟಿ,

ನಿನ್ನ ಕಾಗದ ಬಂತು. ನಾನು ಹೊರಟಾಗ ನೀನು ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಹುಡುಗಿ. ಈಗ ಊರಿಗೇ ಕಾಗದ ಬರೆಯುತ್ತೀಯ. ಸಂತೋಷ.

ಇಲ್ಲಿ ಮೀನಿನ ಕಾಲ ಇನ್ನೂ ಶುರುವಾಗಿಲ್ಲ. ನಾನು ಖಾಲಿ ಶೈತ್ಯಾಗಾರದ ಯಂತ್ರಗಳಿಗೆ ಎಣ್ಣೆ ಬಿಟ್ಟುಕೊಂಡು ಇದ್ದೇನೆ.

ಆ ಕಾರ್ಡಿನ ವಿಷಯ. ಸುಮ್ಮನಿದ್ದವರು ಒಪ್ಪಿದಂತೆ ಅಂದೆಯಲ್ಲ, ಅದು ಬೇರೆಯವರಿಗೆ ಸರಿ. ನಿನ್ನ ಅತ್ತೆ ಜನ್ಮದಲ್ಲಿ ಸುಮ್ಮನಿದ್ದು ಏನನ್ನೂ ಒಪ್ಪಿದವಳಲ್ಲ. ನಮ್ಮ ಮದುವೆ ದಿನ ಪಾದ್ರಿ ಏನೋ ಓದುತ್ತಿದ್ದರೆ ನಡುವೆ ನಿಲ್ಲಿಸಿ, "ಆ ಸಾಲು ಬೇಡ" ಅಂದವಳು. ಒಪ್ಪಿದರೆ ಒಪ್ಪಿದೆ, ಇಲ್ಲವಾದರೆ ಇಲ್ಲ, ಎರಡನ್ನೂ ಬಾಯಿಬಿಟ್ಟೇ ಹೇಳುವಳು. ಅವಳ ಮೌನ ಇಟ್ಟುಕೊಂಡು ಗಸ್ ವ್ಯಾಪಾರ ಮಾಡುವುದು ನನಗೆ ಹಿಡಿಸುವುದಿಲ್ಲ. ಅವಳ ಪರವಾಗಿ ನಾನು ಬೇಡ ಅನ್ನುತ್ತೇನೆ. ಅದಕ್ಕೆ ಏನು ಮಾಡಬೇಕು, ಕೇಳಿ ಬರೆ.

ಮನೆಯ ಕರೆಂಟು ಮಾತ್ರ ಹೋಗಬಾರದು. ಪಂಪು, ದೀಪ ಎಲ್ಲ ಹಾಗೇ ಇರಲಿ. ಯಾವತ್ತಾದರೂ ಬಂದರೆ ಕತ್ತಲಲ್ಲಿ ತಡಕಾಡಬಾರದು, ನಲ್ಲಿ ತಿರುಗಿಸಿದರೆ ನೀರು ಬರಬೇಕು.

ಓರಿನ್ ಮಾವ


ಪೆಲ್ಟನ್
೨ ಏಪ್ರಿಲ್ ೨೦೧೮

ಪ್ರೀತಿಯ ಓರಿನ್ ಮಾವ,

ದರ ಗೊತ್ತಾಯಿತು. ಆ ದಿನದ ಗಡಿಬಿಡಿ ನೀವು ನೋಡಬೇಕಿತ್ತು. ಕಂಪನಿಗಳು ಬೆಳಿಗ್ಗೆ ದರ ಹೇಳುತ್ತವೆ, ಸಂಜೆಯೊಳಗೆ ಊರು ಒಪ್ಪದಿದ್ದರೆ ಆ ದರ ಸತ್ತಂತೆ. ನಾಳೆ ಹೊಸ ಸಂತೆ, ಹೊಸ ಬೆಲೆ. ದಲ್ಲಾಳಿ ಬಾಸ್ಟನ್‌ನಿಂದ ಫೋನಿನಲ್ಲಿದ್ದ. ಮಂಡಳಿಯ ಮೂವರೂ ನನ್ನ ಮೇಜಿನ ಸುತ್ತ ನಿಂತಿದ್ದರು.

"ಇನ್ನೊಂಚೂರು ಇಳಿಸು ಅನ್ನಿ ಅವನಿಗೆ" ಎಂದರು ಅವರಲ್ಲೊಬ್ಬರಾದ ಮಿಸೆಸ್ ಟ್ವಿಚೆಲ್.

"ಇದೇನು ನಿಮ್ಮ ಕುಂಬಳಕಾಯಿ ಅಂಗಡೀನಾ, ಚೌಕಾಸಿ ಮಾಡೋಕೆ?" ಎಂದರು ಗಸ್.

"ನನ್ನ ಅಂಗಡೀಲಿ ನೀವು ಮಾಡಿದ ಚೌಕಾಸಿ ಇದಕ್ಕಿಂತ ಜಾಸ್ತಿ ಕಣ್ರೀ. ಇಷ್ಟು ಮನೆ ಇದಾವೆ ಅಂತ ಧೈರ್ಯವಾಗಿ ಹೇಳಿ."

ದಲ್ಲಾಳಿ ಕೇಳಿದ, ಎಷ್ಟು ಜನ ಬೇಡ ಅನ್ನಬಹುದು ಎಂದು. ಗಸ್ ಕಿಟಕಿಯ ಆಚೆ ನೋಡಿದರು. ಅಲ್ಲಿ ಸ್ಮಶಾನದ ಕಲ್ಲುಬೇಲಿ ಬಿಟ್ಟರೆ ಏನೂ ಇಲ್ಲ. "ನಮ್ಮೋರು ಉತ್ತರ ಬರೆಯೋ ಜಾತಿ ಅಲ್ಲಪ್ಪ. ಉತ್ತರ ಕೊಡದೋರೇ ನಮ್ಮ ಬಲ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಸಹಿಯಾಯಿತು. ದರ ಒಳ್ಳೆಯದೇ, ಈಗಿನದಕ್ಕಿಂತ ಕಡಿಮೆ.

ಎಲ್ಲರೂ ಹೋದ ಮೇಲೆ ನಿಮ್ಮ ವಿಷಯ ಕೇಳಿದೆ. ಗಸ್ ಕುರ್ಚಿಯ ಮೇಲೆ ಕೂತುಬಿಟ್ಟರು. ಹೆಸರು ಯಾರದೋ ಅವರೇ ಬೇಡ ಅನ್ನಬೇಕಂತೆ. ಅವರು ತೀರಿಹೋಗಿದ್ದರೆ ಗಂಡ ಅನ್ನಬಹುದು, ಆದರೆ ತೀರಿಹೋದದ್ದಕ್ಕೆ ಪ್ರಮಾಣಪತ್ರ ಬರೆದುಕೊಡಬೇಕು. "ಇಷ್ಟು ವರ್ಷ ಕಾಣದೇ ಇರೋರ ವಿಷಯದಲ್ಲಿ ಕಾನೂನು ಒಪ್ಪುತ್ತೆ. ಆದ್ರೆ ಓರಿನ್ ಒಪ್ಪಬೇಕಲ್ಲ" ಎಂದರು. ಎದ್ದು ಹೊರಡುತ್ತಾ, "ಅಥವಾ ಅವನೇ ಅವಳ ಹೆಸರು ಗೀಚಿ ಕಳಿಸ್ಲಿ. ನಾನೇನು ಭೂತಗನ್ನಡಿ ಹಿಡ್ಕೊಂಡು ಕೂತಿರ್ತೀನಾ?" ಎಂದರು.

ಇಷ್ಟೇ ದಾರಿ ಇರುವುದು ಮಾವ. ಏನೂ ಮಾಡದಿದ್ದರೆ ಅತ್ತೆ ಒಪ್ಪಿದಂತಾಗುತ್ತದೆ.

ಮನೆಯ ಬಗ್ಗೆ ಚಿಂತೆ ಬೇಡ. ಆಗಾಗ ಆ ಕಡೆ ಹೋದಾಗ ಹೊರಗಿನಿಂದ ನೋಡಿಕೊಂಡು ಬರುತ್ತೇನೆ.

ಲೆಟಿ


ಅಲಾಸ್ಕ
೨೯ ಏಪ್ರಿಲ್ ೨೦೧೮

ಲೆಟಿ,

ಒಂದೇ ವಿಮಾನದಲ್ಲಿ ಮೂರು ಬಂದವು. ನಿನ್ನ ಕಾಗದ, ಗಸ್‌ನ ಲಕೋಟೆ, ಕರೆಂಟಿನ ಬಿಲ್ಲು.

ಲಕೋಟೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದೇನೆ. "ಪ್ರಿಯ ವೆಸ್ಟಾ ಥೇಯರ್" ಎಂದು ಶುರುವಾಗುತ್ತದೆ. ನೀನು ಬರೆದಿದ್ದು ಎಂದು ಗೊತ್ತು, ಚೆನ್ನಾಗಿ ಬರೆದಿದ್ದೀಯ. ಅವಳ ಹೆಸರು ಗೀಚಲು ಕೂತೆ. ಮೊದಲನೇ ಅಕ್ಷರ ಬರೆದೆ. ಅವಳು ಅದನ್ನು ಚೂರಿಯಲ್ಲಿ ಕೆತ್ತಿದ ಹಾಗೆ ಬರೆಯುತ್ತಿದ್ದಳು. ನನ್ನದು ಹಕ್ಕಿ ಕಾಲಿನಂತೆ ಬಂತು. ಬಿಟ್ಟೆ.

ಸತ್ತಿದ್ದಾಳೆ ಎಂದು ನಾನು ಬರೆದುಕೊಡುವುದಿಲ್ಲ. ಆ ನವೆಂಬರಿನಲ್ಲಿ ಕುರಿದೊಡ್ಡಿಯ ಗೇಟು ಹಾಕಿ ಬರುತ್ತೇನೆ ಎಂದು ಹೋದಳು. ಗೇಟು ಹಾಕಿತ್ತು. ಕೋಟು ಕಲ್ಲುಬೇಲಿಯ ಮೇಲಿತ್ತು. ಕೊಳಕ್ಕೆ ಬಲೆ ಹಾಕಿ ಎಳೆದರು, ಕಾಡನ್ನೆಲ್ಲ ಜಾಲಾಡಿದರು, ಏನೂ ಸಿಗಲಿಲ್ಲ. ಸಿಗದವಳನ್ನು ಸತ್ತಳು ಎಂದು ಹೇಗೆ ಬರೆಯಲಿ?

ಈಗ ಬಿಲ್ಲಿನ ಮಾತು. ನಿಜ ಹೇಳು. ಚಳಿಗಾಲದ ಕೊನೆಯಿಂದ ಆ ಮನೆಯಲ್ಲಿ ಕರೆಂಟು ಹೆಚ್ಚು ಓಡುತ್ತಿದೆ. ಹೋದ ತಿಂಗಳಿಗಿಂತ ಈ ತಿಂಗಳು ಇನ್ನೂ ಹೆಚ್ಚು. ಖಾಲಿ ಮನೆ ಎಷ್ಟು ತಿನ್ನುತ್ತದೆ ಎಂದು ನನಗೆ ಬಾಯಿಪಾಠವಾಗಿದೆ. ಇದು ಖಾಲಿ ಮನೆಯ ಬಿಲ್ಲಲ್ಲ, ಒಬ್ಬರು ವಾಸವಿರುವ ಮನೆಯದು.

ಮನೆಯಲ್ಲಿ ಯಾರಿದ್ದಾರೆ ಲೆಟಿ? ನಿನಗೆ ಹೇಳಬೇಡ ಎಂದು ಯಾರಾದರೂ ಅಂದಿದ್ದಾರಾ? ಹಾಗಿದ್ದರೆ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ನಿಮ್ಮೂರಿನ ಕಾಯಿದೆಯನ್ನೇ ಇಟ್ಟುಕೊಳ್ಳೋಣ. ಅವಳಲ್ಲ ಎಂದಾದರೆ ಒಂದು ಸಾಲು ಬರೆ. ನೀನು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ಓರಿನ್ ಮಾವ


ಅಲಾಸ್ಕ
೩ ಜೂನ್ ೨೦೧೮

ವೆಸ್ಟಾ,

ಹುಡುಗಿ ಬರೆಯಲಿಲ್ಲ. ಅವಳಿಂದ ನೀನಲ್ಲ ಎನ್ನುವ ಸಾಲು ಬರಲಿಲ್ಲ. ಹೊಸ ಬಿಲ್ಲು ಬಂತು, ಅದೂ ಅಷ್ಟೇ ಇದೆ. ಹಾಗಾಗಿ ಮನೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅಂಚೆಡಬ್ಬಿಯ ಮುಚ್ಚಳ ಬಿಗಿ, ಮೇಲಕ್ಕೆತ್ತಿ ಎಳೆ. ನಿನಗೆ ಗೊತ್ತಿರುವುದೇ.

ಎಲ್ಲಿದ್ದೆ ಎಂದು ಕೇಳುವುದಿಲ್ಲ. ಕೇಳಬೇಕೆಂದು ಮೊದಲ ಎರಡು ವರ್ಷ ಅಂದುಕೊಂಡಿದ್ದೆ. ಈಗ ಸಾಕಾಗಿದೆ.

ಕುರಿಗಳನ್ನು ಮಾರಿದೆ. ಕ್ಷಮಿಸು. ಒಲೆಯ ಹೊಗೆಕೊಳವೆ ಕ್ಲೀನು ಮಾಡಿಸದೆ ಬೆಂಕಿ ಹಾಕಬೇಡ. ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ನಿನ್ನ ಚಳಿಗಾಲದ ಬೂಟು ಇವೆ. ತಂಗಿ ಡೀಲಿಯಾ ಅವನ್ನು ಯಾರಿಗೋ ಕೊಡಲು ನೋಡಿದಳು, ನಾನು ಬಿಡಲಿಲ್ಲ.

ಕರೆಂಟಿನ ಕಾರ್ಡು ನಿನ್ನ ಹೆಸರಿಗೆ ಬಂದಿದೆ. ನಾನು ತುಂಬಿಲ್ಲ. ನಿನ್ನ ಪರವಾಗಿ ಮಾತಾಡಿದರೆ ನೀನು ಹೇಗೆ ಸಿಡಿಯುತ್ತಿದ್ದೆ, ನೆನಪಿದೆ. ನೀನೇ ಹೇಳು. ಗಡುವು ಮುಗಿದಿದ್ದರೂ ಪರವಾಗಿಲ್ಲವಂತೆ, ಯಾವಾಗ ಬೇಕಾದರೂ ಹೊರಬರಬಹುದಂತೆ.

ಮೀನಿನ ಕಾಲ ಮುಗಿಯುವವರೆಗೆ ಮೇಸ್ತ್ರಿ ಬಿಡುವುದಿಲ್ಲ. ಆಗಸ್ಟಿನಲ್ಲಿ ಕೆಲಸ ಬಿಟ್ಟು ಬರುತ್ತೇನೆ ಎಂದು ಹೇಳಿದ್ದೇನೆ. ನಾನು ಬರುವುದು ಬೇಡವಾದರೆ ಬರೆ. ಬರೆಯದಿದ್ದರೆ ಬರುತ್ತೇನೆ.

ಓರಿನ್


ಪೆಲ್ಟನ್
೧೪ ಜೂನ್ ೨೦೧೮

ಪ್ರೀತಿಯ ಓರಿನ್ ಮಾವ,

ವೆಸ್ಟಾ ಅತ್ತೆಗೆ ನೀವು ಬರೆದ ಕಾಗದ ನನ್ನ ಕೈಯಲ್ಲಿದೆ. ಅದನ್ನು ಒಡೆಯುವ ಹಕ್ಕು ನನಗಿರಲಿಲ್ಲ. ಆದರೆ ಅಂಚೆಡಬ್ಬಿಯ ಮುಚ್ಚಳ ಎತ್ತಿ ಎಳೆಯುವವರು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ ಮಾವ. ಅವಳಲ್ಲ. ನಾನು.

ಏಪ್ರಿಲಿನ ನಿಮ್ಮ ಕಾಗದ ಬಂದ ದಿನವೇ ಬರೆಯಬೇಕಿತ್ತು. ಬರೆದೆ, ಹರಿದೆ. ಮತ್ತೆ ಬರೆದು ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ನಿಮಗೆ ಆಶೆ ಹುಟ್ಟಿದ್ದು ನನ್ನಿಂದ ಎಂದು ಹೇಳಲು ಬಾಯಿ ಬರಲಿಲ್ಲ. ನಾನು ಸುಮ್ಮನಿದ್ದರೆ ನಿಮಗೆ ಅದು ಉತ್ತರವಾಗುತ್ತದೆ ಎಂದು ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಅಮ್ಮನ ಹತ್ತಿರ ಬೀಗದ ಕೈ ಇದೆಯಲ್ಲ. ಫೆಬ್ರವರಿಯಿಂದ ಕೆಲವು ಸಂಜೆ ಕಚೇರಿ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಅಮ್ಮನ ಟಿ.ವಿ., ಕಚೇರಿಯಲ್ಲಿ ಗಸ್. ನನಗೆ ಓದಲು ಒಂದು ಜಾಗ ಬೇಕಿತ್ತು. ಅಡುಗೆಮನೆಯ ಮೇಜಿನ ದೀಪ ಹಾಕಿಕೊಂಡು ಕೂರುತ್ತಿದ್ದೆ. ಹೊರಗಿನಿಂದ ನೋಡಿಕೊಂಡು ಬರುತ್ತೇನೆ ಎಂದು ನಿಮಗೆ ಬರೆದದ್ದು ಸುಳ್ಳು.

ಇನ್ನೊಂದು ಹೇಳಬೇಕು. ನಾನು ಅಲ್ಲಿ ಒಬ್ಬಳೇ ಇದ್ದೇನೆ ಎಂದು ಅನ್ನಿಸುತ್ತಿರಲಿಲ್ಲ. ಓದುತ್ತಾ ಕೂತಾಗ ಕಾಲ ಕೆಳಗೆ ಯಾರೋ ದೀರ್ಘವಾಗಿ ಉಸಿರು ಎಳೆದ ಹಾಗೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮೊದಲ ದಿನ ಹೆದರಿ ಓಡಿಬಂದೆ. ಆಮೇಲೆ ಅಭ್ಯಾಸವಾಯಿತು. ಪಕ್ಕದ ಕೋಣೆಯಲ್ಲಿ ಒಬ್ಬರು ಮಲಗಿದ್ದಾರೆ, ಅವರಿಗೆ ಎಚ್ಚರವಾಗದ ಹಾಗೆ ಪುಟ ತಿರುಗಿಸಬೇಕು, ಹಾಗನ್ನಿಸುತ್ತಿತ್ತು. ಹೋಗುವಾಗ "ಬರ್ತೀನಿ ಅತ್ತೆ" ಅನ್ನುತ್ತಿದ್ದೆ. ಇದನ್ನು ಅಮ್ಮನಿಗೂ ಹೇಳಿಲ್ಲ.

ಅತ್ತೆಗೆ ಬರೆದ ಈ ಕಾಗದ ಸಿಕ್ಕ ದಿನವೇ ಬೀಗದ ಕೈ ಅಮ್ಮನಿಗೆ ಕೊಟ್ಟುಬಿಟ್ಟೆ. ಇನ್ನು ಹೋಗುವುದಿಲ್ಲ. ಬಿಲ್ಲು ಇಳಿಯುತ್ತದೆ. ಕಾರ್ಡು ಬರದೆ ಇದ್ದುದರಿಂದ ಅತ್ತೆಯ ಹೆಸರು ಈ ತಿಂಗಳಿಂದ ಊರಿನ ಒಪ್ಪಂದಕ್ಕೆ ಸೇರಿಹೋಗಿದೆ.

ನನ್ನನ್ನು ಬೈಯಿರಿ. ಸುಮ್ಮನಿರಬೇಡಿ.

ಲೆಟಿ


ಅಲಾಸ್ಕ
೮ ಜುಲೈ ೨೦೧೮

ಲೆಟಿ,

ಬೈಯಬೇಕೆಂದು ಕೂತೆ. ಆಗಲಿಲ್ಲ. ಆ ಮೇಜಿನ ಮೇಲೆ ಯಾರಾದರೂ ಪುಸ್ತಕ ಬಿಚ್ಚಿದರಲ್ಲ, ಒಳ್ಳೆಯದೇ ಆಯಿತು. ನೀನು ಹೊರಡುವಾಗ ಅವಳಿಗೆ ಹೇಳಿ ಹೋಗುತ್ತಿದ್ದೆ ಎಂದು ಓದಿದಾಗ ನನಗೆ ಎದ್ದು ಹೊರಗೆ ಹೋಗಬೇಕಾಯಿತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಮನಿಲಾದವನು, ಬೆನೀಟೊ, "ಏನಣ್ಣ, ಊರಲ್ಲಿ ಯಾರಾದ್ರೂ ಹೋಗ್ಬಿಟ್ರಾ?" ಅಂದ. "ಗೊತ್ತಿಲ್ಲ ಕಣೋ" ಅಂದೆ. "ಇದೆಂಥ ಉತ್ತರ!" ಎಂದು ತಲೆ ಚಚ್ಚಿಕೊಂಡ.

ಆದರೆ ಒಂದು ಮಾತು. ಜನ್ಮವೆಲ್ಲ ಯಂತ್ರಗಳಿಗೆ ಕರೆಂಟು ಉಣಿಸಿದವನು ನಾನು. ನೀನು ಹಾಕಿದ ದೀಪಕ್ಕೆ ಅಷ್ಟು ಹೊಟ್ಟೆ ಇಲ್ಲ ಕಣೇ. ಕೆಲವು ಸಂಜೆ ಒಂದು ಬಲ್ಬು ಉರಿದರೆ ಬಿಲ್ಲಿನಲ್ಲಿ ಗೊತ್ತೂ ಆಗುವುದಿಲ್ಲ. ತಪ್ಪು ನಿನ್ನದು ಎಂದು ನೀನೇ ಹೊತ್ತುಕೊಂಡೆ, ಅಷ್ಟೆ.

ಜೂನ್ ಬಿಲ್ಲು ಇವತ್ತು ಬಂತು. ಕಂಪನಿ ಹೊಸದು, ದರ ಕಡಿಮೆ, ಗಸ್ ಹೇಳಿದ್ದು ನಿಜ. ಆದರೆ ಯೂನಿಟ್ ಇಳಿದಿಲ್ಲ, ಏರಿದೆ. ನೀನು ಹೋಗುವುದು ನಿಲ್ಲಿಸಿದ್ದೀಯ. ಹಾಗಾದರೆ ಇದು ಯಾರು?

ನನಗೆ ಬುದ್ಧಿ ಇಲ್ಲ ಅಂತ ತಿಳಿಯಬೇಡ. ಇಂಥದ್ದಕ್ಕೆ ಕಾರಣ ಏನಿರಬಹುದು ಎಂದು ಬೇರೆಯವರ ಮನೆಯಾದರೆ ಕೂತಲ್ಲೇ ಹೇಳಿಬಿಡುತ್ತಿದ್ದೆ. ಈ ಮನೆಯ ವಿಷಯದಲ್ಲಿ ಹೇಳಲಾರೆ. ನೀನು ಉಸಿರು ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಹೋಗಿ ನೋಡು. ಹಗಲಿನಲ್ಲಿ ಹೋಗು, ಗಸ್‌ನನ್ನು ಕರೆದುಕೊಂಡು ಹೋಗು. ಏನಿದ್ದರೂ ಬರೆ. ಇದೊಂದು ಸಲ ಬರೆಯದೆ ಇರಬೇಡ.

ಓರಿನ್ ಮಾವ


ಪೆಲ್ಟನ್
೧೯ ಜುಲೈ ೨೦೧೮

ಪ್ರೀತಿಯ ಓರಿನ್ ಮಾವ,

ಹೋಗಿದ್ದೆವು. ಗಸ್ ಬಂದರು, ಅಮ್ಮ ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ಬಾಗಿಲು ತೆಗೆದು ಮೂವರೂ ಒಳಗೆ ನಿಂತೆವು. ಸ್ವಲ್ಪ ಹೊತ್ತಿಗೆ ಆ ಉಸಿರು ಶುರುವಾಯಿತು. ಅಮ್ಮ ನನ್ನ ತೋಳು ಹಿಡಿದುಕೊಂಡಳು. ಗಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಯಾಕೆ ತೆಗೆದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ.

ನೆಲಮಾಳಿಗೆಯಿಂದ ಬರುತ್ತಿತ್ತು. ನಾನೇ ಮುಂದೆ ಇಳಿದೆ.

ಪಂಪು ಮಾವ. ಒಳಗಿನ ವಾಲ್ವು ಸವೆದುಹೋಗಿ, ಮೇಲಕ್ಕೆಳೆದ ನೀರೆಲ್ಲ ನಿಧಾನವಾಗಿ ಬಾವಿಗೇ ವಾಪಸು ಇಳಿಯುತ್ತಿತ್ತು. ಇಳಿದೊಡನೆ ಪಂಪು ತಾನಾಗಿ ಶುರುವಾಗಿ ಮತ್ತೆ ಎಳೆಯುತ್ತಿತ್ತು. ಕುಡಿಯುವವರಿಲ್ಲದ ನೀರನ್ನು ಅದು ಚಳಿಗಾಲದಿಂದ ಹೀಗೇ ಎಳೆಯುತ್ತಾ ಇತ್ತು.

"ಅಯ್ಯೋ ಪಾಪ, ಎಷ್ಟು ದುಡಿದಿದೆ" ಎಂದಳು ಅಮ್ಮ, ಯಾವುದೋ ಪ್ರಾಣಿಗೆ ಹೇಳಿದ ಹಾಗೆ.

"ಹಾಗೇ ಬಿಡೋಣ್ವಾ?" ಎಂದು ಗಸ್ ನನ್ನ ಮುಖ ನೋಡಿದರು. ತಮಾಷೆಗಲ್ಲ. ಅವರಿಗೆ ನಿಮ್ಮ ಕಾಗದದ ವಿಷಯ ಹೇಳಿದ್ದೆ. "ಬಿಟ್ರೆ ಬಿಲ್ಲು ಬರ್ತಾ ಇರುತ್ತೆ. ಅವನು ಅಲ್ಲಿ ಕೂತು ಓದ್ತಾ ಇರ್ತಾನೆ. ಅದರಿಂದ ಯಾರಿಗೇನು ನಷ್ಟ? ನೀನು ಬರೀದೇ ಇದ್ರಾಯ್ತು."

ಉತ್ತರ ಕೊಡಬೇಕಾದವಳು ನಾನು ಎಂದು ಇಬ್ಬರೂ ಕಾದರು. ಮಾವ, ನಾನು ಬಾಯಿ ತೆಗೆದು ಹೇಳಿದೆ, ಸರಿಮಾಡಿಸೋಣ ಎಂದು. ಎರಡು ದಿನ ಬಿಟ್ಟು ಪಂಪಿನವನು ಬಂದು ವಾಲ್ವು ಬದಲಿಸಿದ. ನಾನು ಹೊರಗೆ ಮೀಟರಿನ ಮುಂದೆ ನಿಂತು ನೋಡಿದೆ. ಓಡುತ್ತಿದ್ದ ಅಂಕೆ ನಿಧಾನವಾಯಿತು, ಆಮೇಲೆ ನಿಂತಿತು. ನಿಮಗೆ ಬೇಕಾದಾಗ ನಲ್ಲಿಯಲ್ಲಿ ನೀರು ಈಗಲೂ ಬರುತ್ತದೆ.

ಅವನು ಹೋದ ಮೇಲೆ ಒಬ್ಬಳೇ ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತೆ. ಯಾವ ಸದ್ದೂ ಇರಲಿಲ್ಲ. ಆ ಮನೆಯಲ್ಲಿ ನನಗೆ ನಿಜವಾಗಿ ಭಯವಾದದ್ದು ಅವತ್ತು. ಬರ್ತೀನಿ ಎಂದು ಹೇಳಲು ಹೊರಟು, ಯಾರಿಗೆ ಹೇಳುವುದು ಎಂದು ಹೊಳೆಯದೆ, ಬಾಗಿಲೆಳೆದುಕೊಂಡು ಬಂದೆ.

ಇದನ್ನು ಬರೆಯದೆ ಇರಬಹುದಿತ್ತು. ಬರೆದಿದ್ದೇನೆ.

ಲೆಟಿ


ಅಲಾಸ್ಕ
೧೨ ಆಗಸ್ಟ್ ೨೦೧೮

ಲೆಟಿ, ಮಗಳೇ,

ಬಿಲ್ಲು ಬಂತು. ಖಾಲಿ ಮನೆಯ ಬಿಲ್ಲು.

ಕಾಗದ ಓದಿದ ಮೇಲೂ ಬಿಲ್ಲಿಗಾಗಿ ಕಾದೆ, ಅದಕ್ಕೇ ಉತ್ತರ ತಡವಾಯಿತು. ನಾನು ಇನ್ನು ಬರುವುದಿಲ್ಲ. ಮೇಸ್ತ್ರಿಗೆ ಹೇಳಿ ಕೆಲಸ ಮುಂದುವರಿಸಿದ್ದೇನೆ. ಇದು ಕೋಪದಿಂದ ಅಲ್ಲ. ಬರುವೆನೆಂದು ಹೇಳಿದ್ದು ಅವಳಿಗೆ.

ಪಕ್ಕದ ಹಳ್ಳಿಯ ಅಂಚೆಯಾಕೆ ಪ್ರಮಾಣಪತ್ರಕ್ಕೂ ಮುದ್ರೆ ಹಾಕುತ್ತಾಳೆ. ಬೆನೀಟೊ ದೋಣಿಯಲ್ಲಿ ಕರೆದುಕೊಂಡು ಹೋದ. ಆಕೆ ಒಂದೊಂದಾಗಿ ಕೇಳಿ ತುಂಬಿಸಿದಳು. ಹೆಸರು ಹೇಳಿದೆ, ಹುಟ್ಟಿದ ಊರು ಹೇಳಿದೆ. "ತೀರ್ಕೊಂಡಿದ್ದು ಯಾವತ್ತು?" ಅಂದಳು. ನಾನು "ಜುಲೈ" ಅಂದೆ.

"ಈ ಜುಲೈನಾ?" ಎಂದು ತಲೆ ಎತ್ತಿದಳು.

ಆಮೇಲೆ ಅವಳಿಗೆ ಎಲ್ಲ ಹೇಳಿದೆ. ಗೇಟು, ಕೋಟು, ಕೊಳ, ಪಂಪು. ಹಿಂದೆ ಪಾರ್ಸೆಲ್ಲು ಹಿಡಿದು ಸಾಲು ನಿಂತಿದ್ದವರೂ ಕೇಳಿಸಿಕೊಂಡರು, ಯಾರೂ ಬೇಗ ಮಾಡಿ ಅನ್ನಲಿಲ್ಲ. ಆ ಊರಿನ ಗಂಡಸರಲ್ಲಿ ಎಷ್ಟೋ ಮಂದಿ ಕಡಲಿಗೆ ಹೋದವರು, ಸಿಗದವರು. ಆಕೆ ಹೇಳಿದಳು, "ಕಾನೂನಿಗೆ ನವೆಂಬರ್ ಬರೆಯೋಣ ಅಣ್ಣ. ಜುಲೈ ನಿಮಗಿರಲಿ." ಹಾಗೇ ಬರೆದಳು. ನಾನು ಸಹಿ ಹಾಕಿದೆ.

ಅದು ಈ ಲಕೋಟೆಯಲ್ಲಿದೆ, ಜೊತೆಗೆ ಗಸ್‌ನ ಕಾರ್ಡೂ ಇದೆ. ಹೊಸ ದರ ಒಳ್ಳೆಯದು ಎಂದು ನನಗೆ ಗೊತ್ತು, ಬೇಡ ಅನ್ನುವುದು ದಡ್ಡತನ ಎಂದೂ ಗೊತ್ತು. ಆ ಮೀಟರನ್ನು ಆಮೇಲೆ ನಿನ್ನ ಹೆಸರಿಗೆ ಮಾಡಿಸಿಕೊ, ನಿನಗೆ ಬೇಕಾದ ದರಕ್ಕೆ ಸೇರು, ಮೇಜಿನ ದೀಪ ಹಾಕಿಕೊಂಡು ಓದು. ಆದರೆ ಮೊದಲು ಈ ಕಾರ್ಡು ಗಸ್‌ನ ಕೈಗೆ ಹೋಗಬೇಕು.

ಕಾರ್ಡು ಒಂದು ಕಡೆ ಹರಿದಿದೆ, ಅಂಚೆಯಲ್ಲಿ ಆದದ್ದಲ್ಲ. ಪೆನ್ನು ಹಿಡಿದಾಗ ಕೈ ತಾನಾಗಿ ಒತ್ತಿತು, ಅವಳು ಒತ್ತುತ್ತಿದ್ದ ಹಾಗೆ. ಗಸ್‌ಗೆ ಹೇಳು, ವೆಸ್ಟಾ ಬೇಡ ಅಂದಳು ಅಂತ.

ಓರಿನ್ ಮಾವ